ಎಮೋರಿಯ ಹೊಟ್ಟೆಯಲ್ಲಿ ಸಿಕ್ಕಿಬಿದ್ದ ತೆಂಗಿನಕಾಯಿ

ಫಿಜಿಯ ಹಳ್ಳಿಗಳಲ್ಲಿ ಊಟಕ್ಕೆ ಕೂತವರು ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆಯದೆ ಬಿಡುವುದಿಲ್ಲ. ಕರೆಸಿಕೊಂಡವರು ಒಂದು ತುತ್ತಾದರೂ ತಿನ್ನದೆ ಮುಂದೆ ಹೋಗುವಂತಿಲ್ಲ. ರಗ್ಬಿ ಫೈನಲ್ ದಿನ ಎಮೋರಿಗೂ ಹಾಗೇ ಆಯಿತು. ಒಂದು ಮನೆಯಲ್ಲಿ ಸುಟ್ಟ ಜೋಳ, ಇನ್ನೊಂದರಲ್ಲಿ ಅನಾನಸ್, ಟೀವಿ ಇದ್ದ ಮನೆಯಲ್ಲಂತೂ ಬಟ್ಟಲು ತುಂಬ ತೆಂಗಿನಕಾಯಿ ಚೂರು. ಕಣ್ಣೆದುರು ಆಟ ನಡೆಯುತ್ತಿದ್ದರೆ ಅಗಿಯುವವರು ಯಾರು? ಹಾಗೇ ನುಂಗಿಬಿಟ್ಟ.

ಹೋದ ವರ್ಷ ಎಮೋರಿಗೆ ಆಪರೇಷನ್ ಆಗಿತ್ತು. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರತಂದು ಬಾಯಿ ಮಾಡಿದ್ದರು. ಅದೇ ಸ್ಟೋಮಾ. ಮಲ ಅಲ್ಲಿಂದ ಚೀಲಕ್ಕೆ ಬೀಳುತ್ತದೆ. ಊರಿಗೆ ಹೇಳಲು ನಾಚಿಕೆ, ಅದಕ್ಕೇ ‘ಬೇಡ’ ಅನ್ನಲೂ ಬಾಯಿ ಬರಲಿಲ್ಲ.

ಮನೆಗೆ ಬರುವಷ್ಟರಲ್ಲಿ ಹೊಟ್ಟೆ ಹಿಂಡತೊಡಗಿತು. ಹೆಂಡತಿ ತೋರಿಕಾ ಚೀಲ ನೋಡಿದಳು. ಒಂದಿಷ್ಟು ನೀರು ಬಿಟ್ಟರೆ ಏನೂ ಇಲ್ಲ. “ಅಯ್ಯೋ, ಚೀಲಕ್ಕೆ ಬರೀ ನೀರು, ಒಳಗೆ ಕಟ್ಕೊಂಡಿದೆ!” ಎಂದು ಕೂಗಿಕೊಂಡಳು.

“ಹರಳೆಣ್ಣೆ ಕುಡಿಸೇ, ಎಲ್ಲಾ ಸರಾಗ ಹೋಗತ್ತೆ,” ಎಂದು ಎಮೋರಿಯ ತಾಯಿ ಉನೈಸಿ ಅತ್ತೆ ಬಾಟಲಿ ಹಿಡಿದು ಬಂದರು.

“ಅತ್ತೆ, ಬೇಡ! ಕೆಳಗಿಡಿ ಅದನ್ನ! ಕಟ್ಕೊಂಡಾಗ ಭೇದಿಗೆ ಕೊಟ್ರೆ ಕರುಳೇ ಒಡೆದೋಗ್ಬಹುದು!” ಕೂಗು ಕೇಳಿ ಪಕ್ಕದ ಮನೆಯ ಕೆಲೆರಾ ಓಡಿ ಬಂದಳು. ಹುಡುಗಿಯರಿಗೆ ರಗ್ಬಿ ಕಲಿಸುವವಳು ಅವಳು.

“ಪೀಪಿ ಊದೋಳು ನೀನು, ನಿಂಗೇನೇ ಗೊತ್ತು?”

“ಗೊತ್ತು ಅತ್ತೆ. ನನ್ನ ಹೊಟ್ಟೆ ಮೇಲೂ ಇಂಥದ್ದೇ ಚೀಲ ಇದೆ.”

ಮೈದಾನದ ತುಂಬ ಓಡಾಡುವ ಈ ಕೆಲೆರಾಗೆ ಚೀಲವೇ? ಅತ್ತೆ ಬಾಟಲಿ ಕೆಳಗಿಟ್ಟರು.

“ಎಮೋರಿ ಅಣ್ಣ, ವಾಂತಿ ಆಯ್ತಾ?”

“ಇಲ್ಲಮ್ಮ.”

“ಸದ್ಯ! ನೀರಾದ್ರೂ ಬರ್ತಿದೆ, ಸ್ಟೋಮಾ ಕೆಂಪಗೇ ಇದೆ, ಊದಿದೆ ಅಷ್ಟೇ. ತೋರಿಕಾ, ಬೇರೆ ಚೀಲ ತಗೊಂಡು ಅದರ ತೂತು ದೊಡ್ಡದಾಗಿ ಕತ್ತರಿಸಿ ಹಾಕು. ಗಟ್ಟಿ ಪದಾರ್ಥ ಒಂದ್ ತುತ್ತೂ ಬೇಡ, ಬಿಸಿ ಚಹಾ ಗುಟುಕು ಗುಟುಕಾಗಿ ಕೊಡು. ನಾನು ನರ್ಸಿಗೆ ಫೋನ್ ಮಾಡ್ತೀನಿ. ಆಸ್ಪತ್ರೆಗೆ ಹೋಗೋಕೆ ದೋಣಿನೂ ರೆಡಿ ಇರ್ಲಿ. ವಾಂತಿ ಶುರುವಾದ್ರೆ, ಚೀಲಕ್ಕೆ ಬೀಳೋದು ಪೂರ್ತಿ ನಿಂತ್ರೆ, ನೋವು ಜೋರಾದ್ರೆ, ಸ್ಟೋಮಾ ಕಪ್ಪಾದ್ರೆ, ಕುಡಿಸೋದೂ ನಿಲ್ಸಿ ನೇರ ಆಸ್ಪತ್ರೆಗೆ!”

ನರ್ಸು ಫೋನಿನಲ್ಲಿ ಹೇಳಿದಂತೆ ಹೊಟ್ಟೆಗೆ ಬೆಚ್ಚನೆಯ ಬಟ್ಟೆ ಇಟ್ಟರು. ಎಮೋರಿ ಮಗ್ಗುಲಾಗಿ ಮಲಗಿ ಮೊಣಕಾಲನ್ನು ಎದೆಗೆಳೆದುಕೊಂಡ. ತೋರಿಕಾ ಸ್ಟೋಮಾದ ಸುತ್ತ ಮೆಲ್ಲಗೆ ನೀವಿದಳು. ಆಮೇಲೆ ಎಬ್ಬಿಸಿ ಅಂಗಳದಲ್ಲಿ ನಡೆಸಿದರು. ಕೂತ, ಮತ್ತೆ ನಡೆದ. ಅತ್ತೆಯ ಪ್ರಾರ್ಥನೆ ಒಂದೇ ಸಮನೆ ನಡೆದಿತ್ತು.

“ಬಂತು! ಬಂತು ಕಣೇ!” ಎಮೋರಿ ಕೂಗಿದ.

ಚೀಲ ತುಂಬುತ್ತಿತ್ತು, ತೆಂಗಿನ ಚೂರು ಸಮೇತ! ತೋರಿಕಾ ಅತ್ತಳು, ನಕ್ಕಳು, ಕೆಲೆರಾಳನ್ನು ಬಾಚಿ ತಬ್ಬಿದಳು. ಗಂಡನ ಮಲ ನೋಡಿ ಇಷ್ಟು ಹಿಗ್ಗಿದ ಹೆಂಗಸು ಆ ದ್ವೀಪದಲ್ಲೇ ಇನ್ನೊಬ್ಬಳಿರಲಿಕ್ಕಿಲ್ಲ.

“ಇಷ್ಟು ದಿನ ಯಾಕೇ ಹೇಳ್ಲಿಲ್ಲ?” ಅತ್ತೆ ಕೆಲೆರಾಳ ಕೈ ಹಿಡಿದರು.

“ನಾಚಿಕೆ ಅತ್ತೆ, ಅಣ್ಣನ ಹಾಗೇ.”

“ಸುಡುಗಾಡು ನಾಚಿಕೆ! ಇವತ್ತು ಮಗನ್ನೇ ಕಳ್ಕೋತಿದ್ದೆ,” ಎಂದು ಅತ್ತೆ ಗಳಗಳನೆ ಅತ್ತರು.

ನಿಮ್ಮ ಮನೆಯಲ್ಲೂ ಸ್ಟೋಮಾ ಇರುವವರಿದ್ದಾರೆಯೇ? ನಾರಿನ ತಿನಿಸು ಸ್ವಲ್ಪವೇ ಕೊಡಿ, ಚೆನ್ನಾಗಿ ಅಗಿಯಲಿ. ಕಟ್ಟಿಕೊಂಡರೆ ಭೇದಿ ಔಷಧಿ ಮುಟ್ಟಬೇಡಿ, ನರ್ಸಿಗೆ ಫೋನ್ ಮಾಡಿ. ಕೆಲವೇ ಗಂಟೆಯಲ್ಲಿ ಬಿಡದಿದ್ದರೆ ಆಸ್ಪತ್ರೆಗೆ ಹೊರಡಿ. ಮತ್ತೆ, ಯಾರಾದರೂ ‘ನನಗೆ ಬೇಡ’ ಅಂದರೆ ದಯವಿಟ್ಟು ಬಲವಂತ ಮಾಡಬೇಡಿ. ಆ ಒಂದು ಮಾತು ಹೇಳಲು ಅವರಿಗೆ ಎಷ್ಟು ಧೈರ್ಯ ಬೇಕಾಯಿತೋ, ನಿಮಗೆ ಗೊತ್ತಿಲ್ಲ.