ದೇವರಾಜನ್ ಕೈ ಎತ್ತಿದ್ದು

ಕಿವಿ ಪರೀಕ್ಷೆ ಮಾಡುವವರು ಸೋಮನೂರಿಗೆ ಬರುತ್ತಾರೆ ಎಂದು ಗೊತ್ತಾದಾಗಿನಿಂದ ರಂಗನಾಯಕಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಂಡ ದೇವರಾಜನ್‌ಗೆ ಸಕ್ಕರೆ ಕಾಯಿಲೆ. ಅದು ಬಲಗಣ್ಣನ್ನು ಆಗಲೇ ನುಂಗಿ ನೀರು ಕುಡಿದಿತ್ತು. ಎಡಗಣ್ಣೂ ಹೆಚ್ಚು ಕಾಲ ಉಳಿಯುವುದಿಲ್ಲ ಎಂದು ಕೊಯಮತ್ತೂರಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದರು. ಇನ್ನು ಕಿವಿ. ಅದೂ ಒಂದಿಷ್ಟು ಮಂದ, ಅಷ್ಟೇ ಎಂದು ಅವಳ ಎಣಿಕೆ. ಕಣ್ಣು ಪೂರ್ತಿ ಹೋಗುವುದರೊಳಗೆ ಕಿವಿಗೊಂದು ಮೆಷಿನ್ ಸಿಕ್ಕಿದರೆ, ಅವನಿಗೆ ಲೋಕ ಕತ್ತಲಾದ ಮೇಲೂ ಮಾತಾಡಿಕೊಂಡು ಹೇಗೋ ದಿನ ನೂಕಬಹುದು. ಅವಳಿಗೆ ಬೇಕಿದ್ದದ್ದು ಇಷ್ಟೇ. ಇದೇನು ದೊಡ್ಡ ಆಸೆಯೇ, ನೀವೇ ಹೇಳಿ.

ದೇವರಾಜನ್‌ಗೆ ಮಾತ್ರ ಪರೀಕ್ಷೆಯ ಹೆಸರೆತ್ತಿದರೆ ಮೈಯೆಲ್ಲ ಉರಿ.

"ನಾನೇನ್ ಕಿವುಡನಾ? ನೀ ಕೇಳಿದ್ದಕ್ಕೆಲ್ಲಾ ಜವಾಬು ಹೇಳ್ತಾ ಇಲ್ವಾ?"

ಹೇಳುತ್ತಿದ್ದ, ಸುಳ್ಳಲ್ಲ. ಸಾರಿಗೆ ಉಪ್ಪು ಸಾಕೇ ಎಂದರೆ ಸಾಕು ಎನ್ನುತ್ತಿದ್ದ. ಮಾತ್ರೆ ನುಂಗಿದಿರಾ ಎಂದರೆ ನುಂಗದಿದ್ದರೂ ನುಂಗಿದೆ ಎನ್ನುತ್ತಿದ್ದ. ಕೊನೆಗೆ, ಪರೀಕ್ಷೆಯಾದ ಮೇಲೆ ಬೇಕರಿಯಲ್ಲಿ ಸಕ್ಕರೆಯಿಲ್ಲದ ಕಾಫಿಯ ಜೊತೆ ಒಂದು ಬನ್ನು ಕೊಡಿಸುತ್ತೇನೆ ಎಂದು ಮಗುವಿಗೆ ಆಸೆ ತೋರಿಸುವಂತೆ ತೋರಿಸಿ ಕರೆದುಕೊಂಡು ಹೋದಳು.

ಚೌಡಮ್ಮನ ಕೋವಿಲಿನ ಕಲ್ಯಾಣ ಮಂಟಪದಲ್ಲಿ ಊರಿನ ಮುದುಕರೆಲ್ಲ ಸೇರಿದ್ದರು. ಎಲ್ಲರೂ ಮಗ್ಗದವರೇ. ಅಷ್ಟು ಜನ ಕೂತಿದ್ದರೂ ಮಂಟಪ ಮಾತ್ರ ತಣ್ಣಗಿತ್ತು, ಯಾರೂ ಪಕ್ಕದವರ ಕಿವಿಯಲ್ಲಿ ಪಿಸುಗುಡುತ್ತಿರಲಿಲ್ಲ. ಹೊರಗಿನವರು ಬಂದಿದ್ದರೆ ಇವರಿಗೆಲ್ಲ ಏನಾಗಿದೆ ಎಂದು ಬೆರಗಾಗುತ್ತಿದ್ದರು. ರಂಗನಾಯಕಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಪರೀಕ್ಷೆ ನಡೆಯುತ್ತಿದ್ದದ್ದು ಮದುವೆಯ ಪಾತ್ರೆ ಇಡುವ ಕೋಣೆಯಲ್ಲಿ. ದಪ್ಪ ಗೋಡೆ, ಒಂದೇ ಕಿಟಕಿ, ರಸ್ತೆಯ ಸದ್ದು ಒಳಗೆ ಬಾರದು. ಪರೀಕ್ಷೆ ಮಾಡುವ ಹುಡುಗಿಯ ಹೆಸರು ಅಭಿನಯಾ. ಕಿವಿಯ ವಿಷಯವನ್ನೇ ಓದಿಕೊಂಡವಳು. ಅವಳ ಬಳಿ ಇದ್ದದ್ದು ಫೋನಿನಂಥ ಒಂದು ಪುಟ್ಟ ಯಂತ್ರ ಮತ್ತು ದಪ್ಪ ಹೆಡ್‌ಫೋನು. ದೇವರಾಜನ್‌ನ ಗೊಣಗಾಟ ಕೇಳಿ ಮುಖ ಅರಳಿಸಿ, "ನೀವೂ ಕನ್ನಡದೋರಾ? ನಮ್ದು ಅನ್ನೂರು ಪಕ್ಕ. ಮನೇಲಿ ಕನ್ನಡನೇ" ಎಂದಳು. ತಮಿಳು ಸೀಮೆಯಲ್ಲಿ ನಮ್ಮವಳೇ ಸಿಕ್ಕಿದಳು, ಇನ್ನೇನು ಕೆಲಸ ಆದಂತೆಯೇ ಎಂದು ರಂಗನಾಯಕಿ ಚೌಡಮ್ಮನಿಗೆ ಮನಸ್ಸಿನಲ್ಲೇ ಕೈಮುಗಿದಳು.

"ತಾತಾ, ಕೀ ಅಂತ ಸೌಂಡ್ ಬರ್ತದೆ. ಸಣ್ಣದಾಗಿ ಕೇಳಿದ್ರೂ ಕೈ ಎತ್ತಿ" ಎಂದು ಅವನ ಮುಖ ನೋಡಿ ಹೇಳಿ, ಹುಡುಗಿ ಯಂತ್ರ ಒತ್ತತೊಡಗಿದಳು.

ದೇವರಾಜನ್ ಕೈ ಎತ್ತಿದ. ಇಳಿಸಿದ. ಮತ್ತೆ ಎತ್ತಿದ. ಬಲಗಿವಿ ಮುಗಿಯಿತು, ಎಡಗಿವಿಯೂ ಮುಗಿಯಿತು. ಒಂದು ಸಲವೂ ತಪ್ಪಲಿಲ್ಲ.

"ಪರವಾಯಿಲ್ಲೆ ಅವ್ವಾ, ಈ ವಯಸ್ಸಿಗೆ ತಾತಂಗೆ ಒಳ್ಳೇ ಕಿವಿ" ಎಂದಳು ಅಭಿನಯಾ. ಗೆದ್ದ ಹುಂಜದಂತೆ ಕತ್ತು ಎತ್ತಿ ಕೂತ ಗಂಡನನ್ನು ಕಂಡು ರಂಗನಾಯಕಿಗೆ ಬೇರೆಯೇ ಚಿಂತೆ ಹತ್ತಿತು. ಒಳ್ಳೆಯ ಕಿವಿಯವನಿಗೆ ಮೆಷಿನ್ ಯಾರು ಕೊಡುತ್ತಾರೆ?

ಆದರೆ ಅವಳೂ ಮಗ್ಗದ ಹೆಂಗಸೇ. ಅವನು ಪವರ್‌ಲೂಮ್ ಓಡಿಸುತ್ತಿದ್ದ ಶೆಡ್ಡಿನಲ್ಲೇ ನೂಲು ಸುತ್ತಿ ಮುದುಕಿಯಾದವಳು. ಆ ಸದ್ದಿನಲ್ಲಿ ಎಲ್ಲರೂ ಭುಜ ನೋಡಿ, ಮೊಣಕೈ ನೋಡಿ ಕೆಲಸ ಮಾಡುವವರು. ಗುಂಡಿ ಒತ್ತಿದಾಗಲೆಲ್ಲ ಹುಡುಗಿಯ ಮೊಣಕೈ ಅಲುಗುತ್ತಿದ್ದದ್ದನ್ನು ರಂಗನಾಯಕಿ ಕಂಡಿದ್ದಳು. ಅವನ ಕಾಲಿನ ಹೆಬ್ಬೆರಳು ನೆಲದ ಮೇಲೆ ತಾಳ ಹಾಕುತ್ತಿದ್ದದ್ದನ್ನೂ ಕಂಡಿದ್ದಳು. ಮೊದಲು ಮೊಣಕೈ ನೋಡಿದ, ಆಮೇಲೆ ಮಗ್ಗದ ಲಯ ಹಿಡಿದ ಹಾಗೆ ಹುಡುಗಿಯ ಲಯ ಹಿಡಿದುಬಿಟ್ಟ. ಭಲೇ ಮುದುಕ! ಬೇರೆ ದಿನವಾಗಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು.

"ಅಮ್ಮಣಿ, ಅವ್ರು ನಿನ್ ಕೈ ನೋಡ್ಕೊಂಡು ಎತ್ತಿದ್ದು. ಗೋಡೆ ಕಡೆ ತಿರುಗ್ಸಿ ಕೂರ್ಸು. ಒಂದೇ ಸಮ ಒತ್ಬೇಡ, ಬುಟ್ಟು ಬುಟ್ಟು ಒತ್ತು."

ಅಭಿನಯಾಳ ಮುಖ ಕೆಂಪಾಯಿತು. ತಾನು ಕೂತ ಜಾಗವೇ ತಪ್ಪು ಎಂದು ಒಪ್ಪಿಕೊಂಡು, ದೇವರಾಜನ್‌ನನ್ನು ಗೋಡೆಗೆ ತಿರುಗಿಸಿ ಕೂರಿಸಿದಳು.

ಆಮೇಲೆ ನಡೆದದ್ದನ್ನು ರಂಗನಾಯಕಿ ನೋಡಬಾರದಿತ್ತು. ಹುಡುಗಿ ಒತ್ತಿದಾಗ ಅವನ ಕೈ ತೊಡೆಯ ಮೇಲೇ ಇತ್ತು. ಒತ್ತದೆ ಸುಮ್ಮನಿದ್ದಾಗ ಎತ್ತಿದ. ಎತ್ತಿದ, ಇಳಿಸಿದ, ಯಾವ ಸದ್ದೂ ಇಲ್ಲದ ಕಡೆ ಹಳೆಯ ಲಯದಲ್ಲೇ ಗೋಡೆಗೆ ಕೈ ಎತ್ತುತ್ತ ಹೋದ. ಹುಡುಗಿ ಶಬ್ದವನ್ನು ಏರಿಸುತ್ತ ಹೋದಳು. ಕೊನೆಕೊನೆಗೆ ಹೆಡ್‌ಫೋನಿನೊಳಗಿನ ಕೀರಲು ಸದ್ದು ಬಾಗಿಲ ಬಳಿ ನಿಂತ ರಂಗನಾಯಕಿಗೂ ಕೇಳಿಸಿತು. ಅದು ಯಾರ ಕಿವಿಯ ಮೇಲಿತ್ತೋ ಅವನಿಗೆ ಕೇಳಲಿಲ್ಲ.

ಅಭಿನಯಾ ಯಂತ್ರ ಕೆಳಗಿಟ್ಟಳು.

"ಮನೇಲಿ ತಾತನ ಜೊತೆ ಹೆಂಗ್ ಮಾತಾಡ್ತೀರಿ ಅವ್ವಾ?"

"ಹೆಂಗೆ ಅಂದ್ರೆ? ಎಲ್ಲಾರಂಗೇ. ನಾ ಮಾತಾಡ್ತೀನಿ, ಅವ್ರು ಜವಾಬು ಹೇಳ್ತಾರೆ."

"ಈಗ ಮಾತಾಡಿ. ನೀರು ಬೇಕಾ ಅಂತ ಕೇಳಿ."

ಇದೊಳ್ಳೆ ಪರೀಕ್ಷೆ ಎಂದುಕೊಂಡು ರಂಗನಾಯಕಿ ಗಂಡನ ಮುಂದೆ ಹೋಗಿ ನಿಂತು, ನೀರು ಬೇಕೇ ಎಂದು ಕೇಳಿದಳು. "ಬೇಡ, ಕಾಫಿ ಕುಡ್ಯೋಣ" ಎಂದ ದೇವರಾಜನ್. ಕಂಡೆಯಾ ಎನ್ನುವಂತೆ ಅವಳು ಹುಡುಗಿಯತ್ತ ತಿರುಗಿದಳು. ಹುಡುಗಿಯ ಕಣ್ಣು ತುಂಬಿತ್ತು.

"ಅವ್ವಾ, ನಿಮ್ಮ ಬಾಯಿಂದ ಸೌಂಡೇ ಬರ್ಲಿಲ್ಲ."

ರಂಗನಾಯಕಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಶೆಡ್ಡು ನೆನಪಾಯಿತು. ಶೆಡ್ಡಿನಲ್ಲಿ ಕಿರುಚಿದರೂ ಕೇಳುವುದಿಲ್ಲವೆಂದು ಅಲ್ಲಿ ಎಲ್ಲರದೂ ತುಟಿಯ ಮಾತೇ. ಬಾಯಿ ಆಡಿಸಿದರೆ ಸಾಕು, ದನಿ ಯಾರಿಗೆ ಬೇಕು? ಆ ಅಭ್ಯಾಸವನ್ನು ಅವಳು ಸೆರಗಿಗೆ ಅಂಟಿದ ಹತ್ತಿಯಂತೆ ಮನೆಗೂ ತಂದಿದ್ದಳು. ಅಡುಗೆಮನೆಯಿಂದ, ಜಗಲಿಯಿಂದ, ಹಾಸಿಗೆಯ ಪಕ್ಕದಿಂದ ಅವನೊಡನೆ ಆಡಿದ್ದೆಲ್ಲ ತುಟಿಯ ಮಾತು. ಅವನ ಕಿವಿ ಯಾವ ವರ್ಷ ಸತ್ತಿತೋ ದೇವರಿಗೇ ಗೊತ್ತು. ದನಿ ಎತ್ತಿ ಮಾತಾಡಿದ್ದರಲ್ಲವೇ ಕೇಳುತ್ತಿಲ್ಲ ಎಂದು ತಿಳಿಯುವುದು?

"ಆಗ್ಲಿ ಅಮ್ಮಣಿ, ದೊಡ್ಡ ಮಿಷಿನೇ ಕೊಡು. ಕಣ್ಣು ಹೋಗೋದ್ರೊಳಗೆ ಕೊಟ್ಬುಡು."

"ಕೊಯಮತ್ತೂರು ದೊಡ್ಡಾಸ್ಪತ್ರೇಲಿ ಇನ್ನೊಂದು ಸಾರಿ ನೋಡ್ತಾರೆ, ನಾನೇ ಕಳಿಸ್ತೀನಿ" ಎಂದಳು ಅಭಿನಯಾ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಮುದುಕಿಯ ಮುಖದಲ್ಲಿ ಏಳುತ್ತಿದ್ದ ಆಸೆ ಕಂಡು ಅವಳಿಗೆ ಹೆದರಿಕೆಯಾಯಿತು. "ನಿಮ್ಗೆ ಸುಳ್ಳು ಹೇಳೋಕಾಗಲ್ಲ ಅವ್ವಾ. ಮಿಷಿನು ಇರೋ ಸೌಂಡನ್ನ ದೊಡ್ಡದು ಮಾಡ್ತದೆ, ಅಷ್ಟೇ. ತಾತಂಗೆ ಒಳಗಿನ ನರಾನೇ ಹೋಗಿರೋ ಹಂಗೈತೆ. ಮುಂಚೇನೇ ಬಂದಿದ್ರೆ..."

ರಂಗನಾಯಕಿಗೆ ಹುಡುಗಿಯ ಮೇಲೆ, ಶೆಡ್ಡಿನ ಮೇಲೆ, ಚೌಡಮ್ಮನ ಮೇಲೆ, ತನ್ನ ಬಾಯಿಯ ಮೇಲೆ ಎಲ್ಲದರ ಮೇಲೂ ಕೆಂಡದಂಥ ಕೋಪ ಬಂತು. ಕೋಪ ಇಳಿದ ಮೇಲೆ ಉಳಿದದ್ದು ಬರೀ ಸಂಕಟ.

ಬೇಕರಿಯ ಕಡೆ ಇಬ್ಬರೂ ತಲೆ ಹಾಕಲಿಲ್ಲ. ಬಸ್ ಸ್ಟಾಪಿನಲ್ಲಿ ಮಧ್ಯಾಹ್ನದ ಬಿಸಿಲು ಕಾರುತ್ತಿತ್ತು.

"ಏ ರಂಗಾ, ಏನಂದ್ಲು ಆ ಹುಡ್ಗಿ? ಮಿಷಿನು ಕೊಡ್ತಾಳಂತಾ?"

ಅವಳು ಸುಳ್ಳನ್ನು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬಂದಿದ್ದಳು. ನಾಳೆಯೆಂಬುದು ಇಲ್ಲದ ಮನುಷ್ಯನಿಗೆ ಇವತ್ತಾದರೂ ಒಂದು ಒಳ್ಳೆಯ ಮಾತು ಇರಲಿ. "ಬರೋ ತಿಂಗ್ಳು ಕೊಡ್ತಾರಂತೆ" ಎಂದಳು, ಈ ಸಲ ದನಿ ಎತ್ತಿ, ಪಕ್ಕದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. ಬಿಸಿಲಿನ ಝಳಕ್ಕೆ ಅವನು ಉಳಿದ ಒಂದು ಕಣ್ಣನ್ನು ಕಿರಿದು ಮಾಡಿ ಅವಳ ಬಾಯಿಯನ್ನೇ ದಿಟ್ಟಿಸಿದ. ಬಿಸಿಲು ತನ್ನ ಬೆನ್ನಿಗಿದೆ, ಅದಕ್ಕೇ ತುಟಿ ಕಾಣುತ್ತಿಲ್ಲ ಎಂದು ಅವಳು ಅವನ ಇನ್ನೊಂದು ಪಕ್ಕಕ್ಕೆ ಹೋಗಿ ಬಿಸಿಲಿಗೆ ಮುಖ ಮಾಡಿ ನಿಂತಳು. ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ನಿಧಾನವಾಗಿ ಇನ್ನೊಮ್ಮೆ ಹೇಳಿದಳು.

ದೇವರಾಜನ್ ಏನೂ ತಿಳಿಯದವನಂತೆ ಹುಬ್ಬು ಗಂಟಿಕ್ಕಿದ. ಆಮೇಲೆ ನಕ್ಕು ತಲೆಯಾಡಿಸಿದ.

"ಸರಿ ಸರಿ. ಎಲ್ಲಾ ಆಯ್ತದೆ ಬುಡು."

ರಂಗನಾಯಕಿಯ ಕೈ ಅವನ ಗಲ್ಲದಿಂದ ಜಾರಿತು. ಈ ನಗು, ಈ ಮಾತು ಅವಳಿಗೆ ಹೊಸದಲ್ಲ. ಹೋದ ದೀಪಾವಳಿಯ ಸಂಜೆ ಜಗಲಿಯ ಮಬ್ಬು ಬೆಳಕಿನಲ್ಲಿ ಕೂತು, ನಿಮಗಿಂತ ಮೊದಲು ನಾನೇ ಹೋಗಿಬಿಟ್ಟರೆ ಏನು ಗತಿ, ನನಗೆ ಭಯವಾಗುತ್ತದೆ ಎಂದು ಅವಳು ಮದುವೆಯಾದ ಮೇಲೆ ಮೊದಲ ಸಲ ಬಾಯಿಬಿಟ್ಟು ಹೇಳಿಕೊಂಡಿದ್ದಳು. ಆಗಲೂ ಅವನು ಹೀಗೇ ನಕ್ಕು, ಹೀಗೇ ತಲೆಯಾಡಿಸಿ, ಎಲ್ಲಾ ಆಯ್ತದೆ ಬುಡು ಎಂದಿದ್ದ. ಆ ಒಂದು ಮಾತನ್ನು ಹಿಡಿದುಕೊಂಡೇ ಅವಳು ಇಲ್ಲಿಯವರೆಗೆ ಧೈರ್ಯವಾಗಿದ್ದಳು. ಆ ಸಂಜೆ ಅವನಿಗೆ ಅವಳ ತುಟಿ ಕಂಡೇ ಇರಲಿಲ್ಲ.

ಬಸ್ಸು ಬಂತು. ಬಸ್ಸು ಬಂತು ಎಂದು ಅವಳು ಹೇಳಲಿಲ್ಲ. ಅವನ ರಟ್ಟೆ ಹಿಡಿದು ಎಳೆದಳು.