ಅಪ್ಪ ತಿರುಗಿಸಿದ ಪ್ಲಗ್

ನಮ್ಮಪ್ಪ ಏನನ್ನೇ ಮುಚ್ಚಿದರೂ ಅದನ್ನು ತೆಗೆಯಲು ಇನ್ನೊಬ್ಬರು ಹುಟ್ಟಿ ಬರಬೇಕು. ಸಕ್ಕರೆ ಡಬ್ಬಿಯಿಂದ ಹಿಡಿದು ಬಚ್ಚಲಿನ ನಲ್ಲಿಯವರೆಗೆ ಎಲ್ಲವೂ ಹಾಗೆಯೇ. ಅದೇ ಕೈಯಲ್ಲಿ ನನ್ನ ಬೈಕಿನ ಸ್ಪಾರ್ಕ್ ಪ್ಲಗ್ಗನ್ನೂ ಬಿಗಿದು, ಅದು ಕೂರುವ ಎಂಜಿನ್ನಿನ ತೂತಿನ ಥ್ರೆಡ್ಡನ್ನೇ, ಅಂದರೆ ಒಳಗಿನ ತಿರುಪು ಗೆರೆಗಳನ್ನೇ, ಕಿತ್ತುಹಾಕಿದ್ದರು.

ನನಗೆ ಮೈಯೆಲ್ಲ ಉರಿಯಿತು. ಮಗಳೇ ಮೆಕ್ಯಾನಿಕ್ ಆಗಿರುವಾಗ ಇವರಿಗೆ ಯಾಕೆ ಬೇಕಿತ್ತು? ಆದರೆ ಅವರು ಕೈಕಟ್ಟಿಕೊಂಡು ಸ್ಟೂಲಿನ ಮೇಲೆ ಕುಳಿತಿದ್ದನ್ನು ನೋಡಿ, ಬಯ್ಯುವುದನ್ನು ಬಿಟ್ಟು ಕೆಲಸಕ್ಕೆ ಕೈಹಾಕಿದೆ. ಲೋಹದ ಪುಡಿ ಒಳಗೆ ಬೀಳದಂತೆ ಥ್ರೆಡ್ ಕೊರೆಯುವ ‘ಟ್ಯಾಪ್’ ಎಂಬ ಉಪಕರಣಕ್ಕೆ ಗ್ರೀಸ್ ಮೆತ್ತಿ, ನಿಧಾನವಾಗಿ ಹೊಸ ಥ್ರೆಡ್ ಮಾಡಿದೆ. ಕೊರೆದು ತುಸು ದೊಡ್ಡದಾದ ತೂತು ಪ್ಲಗ್ಗಿನ ಅಳತೆಗೆ ಬರುವಂತೆ ಅದರೊಳಗೆ ಉಕ್ಕಿನ ಸುರುಳಿ ಕೂರಿಸಿದೆ. ಹೊಸ ಪ್ಲಗ್ಗನ್ನು ಅಪ್ಪನ ಕೈಗೇ ಕೊಟ್ಟೆ.

“ಬೆರಳಲ್ಲೇ ತಿರುಗ್ಸಪ್ಪಾ. ಪೂರ್ತಿ ಕೂತ್ಮೇಲೆ ಸ್ಪ್ಯಾನರಲ್ಲಿ ಒಂದು ಚೂರು, ಅಷ್ಟೇ.”

“ಇಷ್ಟೇ ಸಾಕೇನಮ್ಮಾ?”

“ಸಾಕು. ಅದೇನು ಎದ್ದು ಓಡಿಹೋಗಲ್ಲ.”

ಬೈಕು ಒಂದೇ ಕಿಕ್ಕಿಗೆ ಶುರುವಾಯಿತು. ಅಪ್ಪ ಕೈ ತೊಳೆಯಲು ಬಚ್ಚಲಿಗೆ ಹೋಗಿ ಬಂದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಮ್ಮ ಕೂಗಿದಳು:

“ಯಾರದು, ನಲ್ಲಿ ಸರಿಯಾಗಿ ನಿಲ್ಲಿಸ್ದೇ ಬಂದಿರೋದು? ತೊಟ್ಟಿಕ್ತಾ ಇದೆ!”

ಅಪ್ಪ ನನ್ನ ಮುಖ ನೋಡಿದರು.

“ನಾನೇ ಕಣಮ್ಮಾ,” ಎಂದೆ.