ಹೂಜಿ ತೊಳೆದ ದಿನ

ಸಸ್ಯೋದ್ಯಾನದ ಗಾಜಿನ ಮನೆಯಲ್ಲಿ ಹುಳ ತಿನ್ನುವ ಗಿಡಗಳನ್ನು ಇಪ್ಪತ್ತೆರಡು ವರ್ಷ ಸಾಕಿದವಳನ್ನು ಅಲ್ಲಿ ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ಮೊಣಕಾಲು ಸವೆದಿತ್ತು, ಸೊಂಟ ಮುಷ್ಕರ ಹೂಡಿತ್ತು. ಈಚೆಗೆ ಅವರಿವರ ಕೈಕಾಲು ಹಿಡಿದು ಗಂಡನ ತಂಗಿಯನ್ನೂ ಅಲ್ಲೇ ಸೇರಿಸಿದ್ದಳು. ಗಂಡ ಬಿಟ್ಟುಹೋದ ಹೆಣ್ಣು. ಈ ಕೆಲಸವೂ ತಪ್ಪಿದರೆ ಬೇರೆ ದಿಕ್ಕಿರಲಿಲ್ಲ. ಮೂರು ತಿಂಗಳು ನೋಡಿ ಕಾಯಂ ಮಾಡುತ್ತೇವೆ ಎಂದಿದ್ದ ಮೇಲ್ವಿಚಾರಕರು ಇವತ್ತೇ ಬರುವವರಿದ್ದರು.

ಇಷ್ಟು ದಿನ ಹೊರಗಿನ ಹೂದೋಟ ಗುಡಿಸುತ್ತಿದ್ದ ನಾದಿನಿ ಗಾಜಿನ ಮನೆಯೊಳಗೆ ಬಂದದ್ದು ಅಂದೇ ಮೊದಲು. ಬೆಳಿಗ್ಗೆ ಅತ್ತಿಗೆ ಬಾಗಿಲಲ್ಲೇ ನಿಂತು ಅವಳಿಗೆ, "ಒಳಗಿರೋ ಹೂಜಿಗಳನ್ನೆಲ್ಲ ಚೆನ್ನಾಗಿ ತೊಳೆದಿಡು, ನಂಗೆ ಬಗ್ಗೋಕಾಗಲ್ಲ" ಎಂದು ಹೇಳಿ ಗಿಡದ ಬುಡಕ್ಕೆ ಹಾಕುವ ಪಾಚಿಯ ಚೀಲ ತರಲು ಹೋದಳು. ಅವಳು ಹೇಳಿದ್ದು ಮಳೆನೀರು ತುಂಬಿಡುವ ನಾಲ್ಕು ಮಣ್ಣಿನ ಹೂಜಿಗಳ ಮಾತು.

ಬಂದು ನೋಡಿದರೆ ಮಣ್ಣಿನವು ಇದ್ದ ಹಾಗೇ ಇವೆ. ನಾದಿನಿ ಹೂಜಿ ಗಿಡದ ಎಲೆತುದಿಗಳಲ್ಲಿ ನೇತಾಡುವ ಹೂಜಿಗಳನ್ನು ಒಂದೊಂದಾಗಿ ಬಗ್ಗಿಸಿ, ಒಳಗಿದ್ದುದನ್ನು ಚೆಲ್ಲಿ, ಸೋಪು ಹಾಕಿ ಬ್ರಷ್ಷಿನಿಂದ ಉಜ್ಜಿದ್ದಳು. ಬಾಯಿ ತೆರೆದಿದ್ದ ಒಂದನ್ನೂ ಬಿಟ್ಟಿರಲಿಲ್ಲ.

"ಏನು ಗಲೀಜು ಅತ್ತಿಗೆ! ಒಳಗೆಲ್ಲ ಕೊಳೆತ ನೊಣ. ಇಷ್ಟು ವರ್ಷ ಯಾರೂ ತೊಳೆದೇ ಇಲ್ವಾ?"

ಅತ್ತಿಗೆ ಕಟ್ಟೆಯ ಮೇಲೆ ಕುಸಿದು ಕೂತಳು.

"ಗಲೀಜಲ್ಲ ಕಣೇ, ಅದರ ಊಟ. ಮುಚ್ಚಳದ ಹತ್ತಿರ ಸಿಹಿ ಜಿನುಗತ್ತೆ. ನೊಣ ಆಸೆಗೆ ಬಂದು ಅಂಚಲ್ಲಿ ಕೂತು ಜಾರತ್ತೆ. ಹತ್ತೋಣ ಅಂದ್ರೆ ಗೋಡೆ ಪೂರಾ ಮೇಣ. ಕೆಳಗಿರೋ ರಸದಲ್ಲಿ ಮುಳುಗಿ ನಿಧಾನಕ್ಕೆ ಕರಗತ್ತೆ. ರೆಕ್ಕೆ, ಸಿಪ್ಪೆ ಮಾತ್ರ ಉಳಿಯೋದು. ನೀನು ಅದರ ಹೊಟ್ಟೆನೇ ತಿಕ್ಕಿ ತೊಳೆದಿದ್ದೀಯ."

ನಾದಿನಿಯ ಮುಖ ಬಿಳುಚಿತು. "ಹೂಜಿ ಅಂದ್ರಲ್ಲ ನೀವು..."

ಅಂದದ್ದು ನಿಜ. 'ಹೂಜಿ ಗಿಡ' ಎಂದು ಫಲಕ ಬರೆದು ನೆಟ್ಟವಳೂ ಅತ್ತಿಗೆಯೇ. ಯಾರನ್ನು ಬೈಯುವುದು?

ಮೇಲ್ವಿಚಾರಕರಿಗೆ ಬಾಗಿಲಲ್ಲೇ ಸೋಪಿನ ವಾಸನೆ ಬಡಿಯಿತು. "ಯಾರ ಕೆಲಸ ಇದು?"

ನಾದಿನಿ ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಎದ್ದು ನಿಂತಳು. "ನನ್ನದೇ ಸಾರ್. ತೊಳಿ ಅಂದಿದ್ದು ನಾನು. ಅವಳು ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿದ್ದಾಳೆ."

ಅವರ ನೋಟದಲ್ಲಿ ಸಿಟ್ಟಿಗಿಂತ ಕನಿಕರವೇ ಹೆಚ್ಚಿತ್ತು. ಅದೇ ಅವಳನ್ನು ಚುಚ್ಚಿತು.

"ನಿಮಗೂ ವಯಸ್ಸಾಯ್ತು. ನಾಳೆಯಿಂದ ಗೇಟಲ್ಲಿ ಕೂತು ಟಿಕೆಟ್ ಹರೀರಿ. ಇಲ್ಲಿ ಈಕೆನೇ ಕಾಯಂ ಇರಲಿ, ಹೇಳಿದ ಮಾತು ಕೇಳ್ತಾಳಲ್ಲ."

ಅವರು ಹೋದ ಮೇಲೆ ನಾದಿನಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತಿಗೆಗೂ ಅಳು ಒತ್ತರಿಸಿ ಬಂತು. ಕೂತು ಮಾಡುವ ಕೆಲಸಕ್ಕಾಗಿ ಎಷ್ಟೋ ದಿನದಿಂದ ಹಂಬಲಿಸಿದವಳು, ಸಿಕ್ಕಾಗ ಇದೇನಿದು ಸಂಕಟ ಎಂದು ತನ್ನನ್ನೇ ಗದರಿಕೊಂಡಳು. ಆಮೇಲೆ ನಾದಿನಿಯ ಕೈ ಹಿಡಿದು ಗಿಡದ ಹತ್ತಿರ ಎಳೆದಳು.

"ಇಲ್ನೋಡು, ಇನ್ನೂ ಬಾಯಿ ಬಿಡದ ಎಳೇ ಹೂಜಿ. ತೆರೆಯೋಕೆ ಮುಂಚೆನೇ ಇದರೊಳಗೆ ರಸ ತುಂಬಿರತ್ತೆ. ಇವನ್ನ ಮಾತ್ರ ಮುಟ್ಟಬೇಡ ತಾಯಿ. ಹತ್ತು ದಿನವೋ, ಹದಿನೈದೋ... ಮುಚ್ಚಳ ತೆರೆದ ದಿನ ಗೇಟಿಗೆ ಓಡಿ ಬಂದು ನಂಗೆ ಹೇಳು, ಆಯ್ತಾ?"